ಒಂದು ದೋಣಿಗಾಗಿ ನಲವತ್ತು ಜನ ಯಾಕೆ ಕಾಯಬೇಕು?

ಪ್ರಶ್ನೆ: ಸಿಯಾಟಲ್‌ಗೆ ಬಂದು ಮೂರು ತಿಂಗಳಾಯಿತು. ನಿನ್ನೆ ಬೆಳಗ್ಗೆ 9 ದಾಟಿ ಐದು ನಿಮಿಷ, ದೋಣಿ ಬಂದರೆ ಮೇಲೆದ್ದು ದಾರಿ ಬಿಡುವ ಫ್ರೀಮಾಂಟ್ ಸೇತುವೆ ಹತ್ತಿರ ಗಂಟೆ ಬಾರಿಸಿ ಗೇಟ್ ಬಿತ್ತು, ನಮ್ಮ ಬಸ್ ನಿಂತಿತು. ಸೇತುವೆ ಎದ್ದ ಮೇಲೆ ಹೋಗಿದ್ದು ಒಂದೇ ಒಂದು ಹಾಯಿದೋಣಿ, ಅದರಲ್ಲಿ ಇಬ್ಬರು ಮತ್ತು ಒಂದು ನಾಯಿ. ಬಸ್ಸಿನಲ್ಲಿ ನಲವತ್ತು ಜನ! ಇದ್ಯಾವ ಲೆಕ್ಕ?

ಉತ್ತರ 1: ನೀವು ಹೋದ ಸಮಯವೇ ಸರಿಯಿಲ್ಲ. ಸೋಮವಾರದಿಂದ ಶುಕ್ರವಾರ ಬೆಳಗ್ಗೆ 7ರಿಂದ 9, ಸಂಜೆ 4ರಿಂದ 6 ಸಣ್ಣ ದೋಣಿಗಳಿಗೆ ಸೇತುವೆ ಎತ್ತುವುದಿಲ್ಲ. 1,000 ಟನ್ ಮೀರಿದ ಹಡಗಾದರೆ ಬೇರೆ ಮಾತು. ಅಲ್ಲಿಯವರೆಗೆ ಕಾದು ಕೂತ ದೋಣಿಯವರು 9 ಆದ ಕೂಡಲೇ ಸೇತುವೆ ಎತ್ತಿ ಎಂದು ಹಾರ್ನ್ ಹೊಡೆಯುತ್ತಾರೆ, ಒಂದು ಉದ್ದ, ಒಂದು ಗಿಡ್ಡ. 8:45ಕ್ಕೇ ದಾಟಿಬಿಡಿ.

ಉತ್ತರ 2: ಸೇತುವೆ 1917ರದ್ದು, ನೀರಿನಿಂದ ಸುಮಾರು 30 ಅಡಿ ಅಷ್ಟೇ. ಅದಕ್ಕೇ ಏಳುವುದು ಜಾಸ್ತಿ. ನಿಯಮ ಕೋಸ್ಟ್ ಗಾರ್ಡ್‌ನದ್ದು (ಅಮೆರಿಕದ ಕರಾವಳಿ ಕಾವಲು ಪಡೆ), ನಗರದವರು ಸುಮ್ನೆ ಬದಲಾಯಿಸಲು ಆಗುವುದಿಲ್ಲ. ಪಕ್ಕದ ಅರೋರಾ ಸೇತುವೆ ಎತ್ತರ, ಅದು ಏಳುವುದೇ ಇಲ್ಲ.

ಉತ್ತರ 3: ದೋಣಿಗೆ ಬ್ರೇಕ್ ಇಲ್ಲ ಸ್ವಾಮಿ. ಗಾಳಿ ತಳ್ಳುವಾಗ ಆ ಕಿರಿದಾದ ಕಾಲುವೆಯಲ್ಲಿ ಸುತ್ತು ಹೊಡೆಯುತ್ತಾ ಎರಡು ಗಂಟೆ ಕಾಯುವವರನ್ನೂ ಒಮ್ಮೆ ನೋಡಿ. ನಾಯಿ ಪಾಪ, ಅದಕ್ಕೇನು ಗೊತ್ತು!