ಅಪ್‌ಡೇಟ್: ಬೇಳೆ ಮಿಲ್ ಮಾಲೀಕರ ಎಸ್‌ಇಎಂ ಮಾಡೆಲ್ ಕೂತಿತು

ಕಲಬುರಗಿಯ ತೊಗರಿ ಬೇಳೆ ಮಿಲ್ ಮಾಲೀಕರ ರಿಸ್ಕ್ ತಗೊಳ್ಳೋ ಸ್ವಭಾವ, ವ್ಯಾಪಾರದ ಬೆಳವಣಿಗೆ ಕುರಿತ ಎಸ್‌ಇಎಂ ಮಾಡೆಲ್‌ನಲ್ಲಿ (ಸರ್ವೆ ಉತ್ತರಗಳಿಂದ ಇಂಥ ಗುಣಗಳ ನಡುವಿನ ನಂಟು ಲೆಕ್ಕ ಹಾಕೋ ವಿಧಾನ) ಸಿಎಫ್‌ಐ, ಅಂದ್ರ ಮಾಡೆಲ್ ಡೇಟಾಕ್ಕೆ ಎಷ್ಟು ಹೊಂದುತ್ತೆ ಅನ್ನೋ ಅಂಕ, 0.90 ದಾಟ್ತಿಲ್ಲ, ಮಾಡಿಫಿಕೇಶನ್ ಇಂಡೆಕ್ಸ್ (ಏನು ಬದಲಿಸಿದ್ರೆ ಫಿಟ್ ಸುಧಾರಿಸುತ್ತೆ ಅನ್ನೋ ಸುಳಿವು) ಹೇಳಿದಂಗ ಪ್ರಶ್ನೆಗಳ ಎರರ್‌ಗಳನ್ನು ಜೋಡಿಸಲೇನು ಅಂತ ಕೇಳಿದ್ದೆ. ಬ್ಯಾಡ, ಮೊದಲು ಅಳತೆ ನೋಡ್ರಿ ಅಂದಿದ್ರಿ. 'ಧೈರ್ಯ', 'ಹೊಸತನ' ಅನ್ನೋ ಎರಡು ಗುಣಗಳ ನಡುವಿನ ಎಚ್‌ಟಿಎಂಟಿ (ಎರಡೂ ನಿಜವಾಗಿ ಬೇರೆನಾ ಅಂತ ನೋಡೋ ಅಳತೆ) 0.85ಕ್ಕಿಂತ ಮ್ಯಾಲಿತ್ತು, ಅಂದ್ರ ಎರಡನ್ನೂ ಬೇರೆ ಅನ್ನೋದು ಕಷ್ಟ. "ರೇಟ್ ಏರೋ ತನಕ ತೊಗರಿ ಗೋದಾಮಿನಾಗೇ ಇಡ್ತೀನಿ" ಅನ್ನೋ ಪ್ರಶ್ನೆ ಎರಡಕ್ಕೂ ಅಂಟಿಕೊಂಡಿತ್ತು. ಅದನ್ನ ತೆಗೆದು ಎರಡನ್ನೂ ಕೂಡಿಸಿದ ಮೇಲೆ ಫಿಟ್ ಸರಿಹೋಯ್ತು.

ಬೆಳವಣಿಗೆಯನ್ನೂ ಮಾಲೀಕರ ಬಾಯಿಂದಲೇ ಕೇಳಿದ್ರೆ ನಂಟು ಉಬ್ಬುತ್ತೆ. ಅದಕ್ಕೇ ಒಪ್ಪಿದವರ ಆಡಿಟ್ ಆದ ವಹಿವಾಟು ಹಾಕಿದೆ (ಗಂಜ್ ಮಾರುಕಟ್ಟೆನಾಗ ಆ ಕಾಗದ ಕೇಳೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ರೀ!). ರಿಸ್ಕ್ ಸ್ವಭಾವದಿಂದ ಬೆಳವಣಿಗೆಗೆ ಹೋಗೋ ನೇರ ಬಾಣ, ಅಂದ್ರ ನೇರ ನಂಟು, ಸಪ್ಪಗಾಯ್ತು. ಸಾಲದ ಅನುಕೂಲದ ಮೂಲಕ ಹೋಗುವ ಪರೋಕ್ಷ ದಾರಿ ಉಳೀತು, ಬೂಟ್‌ಸ್ಟ್ರ್ಯಾಪ್ (ಇದೇ ಡೇಟಾದಿಂದ ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕ ಹಾಕೋದು) ಕೊಟ್ಟ ಅಂತರದೊಳಗೆ ಸೊನ್ನೆ ಇಲ್ಲ, ಅಂದ್ರ ಆ ನಂಟು ಬರೀ ಆಕಸ್ಮಿಕ ಅನ್ನೋಕಾಗಲ್ಲ. ಗೈಡ್ ಸರ್ ಇನ್ನೂ 'ಕಾರಣ' ಅಂತ ಬರಿ ಅಂತಾರೆ. ಒಂದೇ ಸಲದ ಸರ್ವೆಯಿಂದ ಯಾವುದು ಯಾವುದಕ್ಕೆ ಕಾರಣ ಅಂತ ಹೇಳೋಕಾಗಲ್ಲ, ನಾ ಹಂಗ ಬರೆಯಲ್ಲ.