ಅಕ್ಷರಪಲ್ಲಟ: ‘ಮಾನವ’ನನ್ನು ಕಲಸಿದರೆ ‘ವಾಮನ’ ಆಗಬಹುದೇ?

ಪದಬಂಧ ಬಿಡಿಸುವವರಿಗೂ ವ್ಯಾಕರಣ ಬಲ್ಲವರಿಗೂ ಒಂದು ಪ್ರಶ್ನೆ. ಅಕ್ಷರಪಲ್ಲಟವನ್ನೇ, ಅಂದರೆ ಒಂದು ಪದದ ಅಕ್ಷರಗಳ ಜಾಗ ಬದಲಿಸಿ ಇನ್ನೊಂದು ಪದ ಮಾಡುವ ಆಟವನ್ನೇ, ವಸ್ತುವಾಗಿಟ್ಟುಕೊಂಡ ಪದಬಂಧವೊಂದರಲ್ಲಿ ಹೀಗೊಂದು ಸುಳಿವು ಇತ್ತು: ‘ಕಲಸಿಹೋದ ಮಾನವ, ಮೂರೇ ಹೆಜ್ಜೆ ಕೇಳಿದವ (3)’. ಕೊನೆಯ 3 ಅಂದರೆ ಉತ್ತರಕ್ಕೆ ಮೂರು ಅಕ್ಷರ. ಉತ್ತರ ವಾಮನ. ಹೊಳೆಯುವುದೇನೂ ಕಷ್ಟವಲ್ಲ. ಆದರೆ ಇದು ನಿಜಕ್ಕೂ ಅಕ್ಷರಪಲ್ಲಟವೇ?

‘ಮಾನವ’ದಲ್ಲಿ ಇರುವುದು ಮಾ, ನ, ವ. ಇವನ್ನು ಹೇಗೆ ಜೋಡಿಸಿದರೂ ವಾಮನ ಬರುವುದಿಲ್ಲ. ಜಾಸ್ತಿ ಅಂದರೆ ‘ಮಾವನ’ ಬರುತ್ತದೆ. ವಾಮನ ಬರಬೇಕಾದರೆ ಮಾ-ದ ದೀರ್ಘವನ್ನು ಕಿತ್ತು ವ-ಕ್ಕೆ ಅಂಟಿಸಬೇಕು. ಅಂದರೆ ಅಕ್ಷರಗಳನ್ನೇ ಒಡೆದು ಮ್, ಆ, ನ್, ಅ, ವ್, ಅ ಎಂದು ಮಾಡಿಕೊಂಡು ಕಲಸಬೇಕು. ಈ ಲೆಕ್ಕ ಒಪ್ಪಿದರೆ ರಾಮ, ರಮಾ, ಮಾರ ಮೂರೂ ಒಂದೇ ಗುಂಪು. ಒಪ್ಪದಿದ್ದರೆ ರಮಾ ಮತ್ತು ಮಾರ ಮಾತ್ರ ಜೋಡಿ. ರಾಮನಿಗೆ ಸಿಗುವುದು ವಾಲ್ಮೀಕಿಯ ಕಥೆಯ ‘ಮರಾ’.

ನನಗಂತೂ ಒಡೆಯುವುದು ಒಪ್ಪಿಗೆಯಿಲ್ಲ. ನಮ್ಮ ಪದಬಂಧದಲ್ಲಿ ಒಂದು ಚೌಕಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿದ ಒಂದು ಪೂರ್ತಿ ಅಕ್ಷರ. ‘ಭಕ್ತಿ’ಗೆ ಎರಡೇ ಚೌಕ. ಮೇಲಿನಿಂದ ಕೆಳಕ್ಕೆ ಬರುವ ಪದವೂ ಅದೇ ಪೂರ್ತಿ ಅಕ್ಷರವನ್ನು ಹಂಚಿಕೊಳ್ಳುತ್ತದೆ. ಚೌಕದಲ್ಲಿ ‘ವಾ’ ಕೂತಿರುವಾಗ ಸುಳಿವಿನಲ್ಲಿ ಬರೀ ‘ವ’ ಕೊಟ್ಟರೆ ಬಿಡಿಸುವವರಿಗೆ ಮೋಸ ಅಲ್ವಾ?

ಇಂಗ್ಲಿಷಿನವರಿಗೆ ಈ ತಲೆನೋವಿಲ್ಲ. ಅವರು ಆಡುವುದು ಬರವಣಿಗೆಯ ಅಕ್ಷರಗಳ ಜೊತೆ, ಉಚ್ಚಾರದ ಜೊತೆ ಅಲ್ಲ. ಅವರ ಹಳೇ ಜೋಡಿ ‘ಲಿಸನ್’ ಮತ್ತು ‘ಸೈಲೆಂಟ್’. ಎರಡಕ್ಕೂ ಅದೇ ಆರು ಅಕ್ಷರ. ಕನ್ನಡದಲ್ಲಿ ಬರೆದ ಕೂಡಲೇ ನಂಟೇ ಕಾಣುವುದಿಲ್ಲ. ಅವರಿಗೆ 26 ಅಕ್ಷರ. ನಮ್ಮ 34 ವ್ಯಂಜನಗಳನ್ನು 13 ಸ್ವರಗಳೊಂದಿಗೆ ಗುಣಿಸಿದರೆ ಒತ್ತಕ್ಷರ ಬಿಟ್ಟೇ 442. ಹಾಗಾಗಿ ನಮ್ಮಲ್ಲಿ ಒಳ್ಳೆಯ ಜೋಡಿ ಸಿಗುವುದು ಅಪರೂಪ. ಸಿಕ್ಕರೆ ಹೆಚ್ಚಾಗಿ ಗುಣಿತದ ಗೋಜಿಲ್ಲದ ಪದಗಳಲ್ಲಿ: ನಮನ–ಮನನ, ರಮಣ–ಮರಣ, ವದನ–ದವನ. ನದಿ–ದಿನ, ಕಪಿ–ಪಿಕ, ಸದಾ–ದಾಸ ಚೆನ್ನಾಗಿವೆ. ಆದರೆ ಎರಡಕ್ಷರದ ಪದವನ್ನು ಕಲಸುವುದೂ ಒಂದೇ, ತಿರುಗಿಸುವುದೂ ಒಂದೇ. ಅವನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ಕೆಲವರು ಇದನ್ನು ‘ವರ್ಣಪಲ್ಲಟ’ ಎನ್ನುತ್ತಾರೆ. ಆ ಪದಕ್ಕೆ ಭಾಷಾಶಾಸ್ತ್ರದಲ್ಲಿ ಬೇರೆ ಕೆಲಸವಿದೆ. ಮಾತಿನಲ್ಲಿ ತಾನಾಗಿ ಧ್ವನಿಗಳು ಜಾಗ ಬದಲಾಯಿಸುವುದಕ್ಕೆ ಅದನ್ನು ಬಳಸುತ್ತಾರೆ. ವಾರಣಾಸಿ ‘ಬನಾರಸ್’ ಆದಾಗ ರ ಮತ್ತು ಣ ಅದಲುಬದಲಾದವಲ್ಲ, ಅಂಥದ್ದು. ಬೇಕೆಂದೇ ಕಲಸುವ ಆಟಕ್ಕೆ ‘ಅಕ್ಷರಪಲ್ಲಟ’ ಇರಲಿ ಎಂದು ನನ್ನ ಮತ. ಆಗ ಅಕ್ಷರವನ್ನು ಒಡೆಯಬಾರದು ಅನ್ನುವ ನಿಯಮವೂ ಹೆಸರಿನಲ್ಲೇ ಇರುತ್ತದೆ.

ಇನ್ನು ಕಲಸಬೇಕು ಎಂದು ಸೂಚಿಸುವ ಪದಗಳು. ಇಲ್ಲಿ ಕನ್ನಡ ಬಹಳ ಶ್ರೀಮಂತ: ಚೆಲ್ಲಾಪಿಲ್ಲಿ, ಅಡ್ಡಾದಿಡ್ಡಿ, ಏರುಪೇರು, ಗಲಿಬಿಲಿ, ಕಲಕಿ, ಕೆದರಿ, ಚೆದುರಿ. ‘ದವನ ಚೆದುರಿದಾಗ ಕಂಡ ಮುಖ (3)’ ಎಂದರೆ ಓದಲೂ ಚೆಂದ, ವದನ ಸಿಗುವುದೂ ನ್ಯಾಯವಾಗಿ. ‘ತಿರುಗಿ’, ‘ಹಿಮ್ಮುಖ’ ಇವನ್ನು ಮಾತ್ರ ಇದಕ್ಕೆ ಬಳಸಬಾರದು. ಅವು ಹಿಂದಿನಿಂದ ಓದು ಎಂದು ಹೇಳುತ್ತವೆ, ಕಲಸು ಎಂದಲ್ಲ. ಇನ್ನೊಂದು ಮಾತು. ‘ರಮಣ ಗಲಿಬಿಲಿಗೊಂಡರೆ ಸಾವು’ ಸರಿ. ‘ಗಂಡ ಗಲಿಬಿಲಿಗೊಂಡರೆ ಸಾವು’ ಎಂದು ಕೊಟ್ಟು, ಗಂಡನಿಂದ ರಮಣನನ್ನು ಊಹಿಸಿ ಆಮೇಲೆ ಕಲಸು ಅನ್ನುವುದು ಅತಿಯಾಯಿತು. ಕಲಸಬೇಕಾದ ಅಕ್ಷರಗಳು ಸುಳಿವಿನಲ್ಲೇ ಕಣ್ಣಿಗೆ ಕಾಣಬೇಕು.

ನನಗೆ ಇನ್ನೂ ತೀರ್ಮಾನ ಆಗದಿರುವುದು ವಿಭಕ್ತಿಯ ವಿಷಯ. ‘ಗಮನ’ವನ್ನು ಕಲಸಿದರೆ ‘ಮಗನ’ ಬರುತ್ತದೆ. ಷಷ್ಠಿ ವಿಭಕ್ತಿಯ ಇಂಥ ರೂಪ ಉತ್ತರವಾಗಿ ಚೌಕದಲ್ಲಿ ಕೂರಬಹುದೇ, ಅಥವಾ ನಿಘಂಟಿನಲ್ಲಿರುವ ಪದವೇ ಆಗಬೇಕೇ? ಪದಬಂಧ ರಚಿಸುವವರು ಯಾರಾದರೂ ಇದ್ದರೆ ನೀವು ಯಾವುದನ್ನು ಪಾಲಿಸುತ್ತೀರಿ, ಹೇಳಿ. ನಾಲ್ಕಕ್ಷರದ ಒಳ್ಳೆಯ ಜೋಡಿ ಗೊತ್ತಿದ್ದವರು ಅದನ್ನೂ ಕೊಡಿ.