ಪುಟ್ಟಿಯ ಸ್ಪ್ಯಾನಿಷ್ ಹಾಡಿಗೆ ಅತ್ತೆಯ ಉತ್ತರ

ಪುಟ್ಟಿ, ಟೈಪ್ ಮಾಡುತ್ತಾ ಕೂತರೆ ಅಡುಗೆ ಆಗಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಕಾಲೇಜ್ ಫೆಸ್ಟಿಗೆ ‘ದೆಸ್ಪಸಿತೊ’ ಹಾಡಬೇಕು, ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿದೆ, ಹೇಗೆ ಓದಲಿ ಅಂತ ಕೇಳಿದ್ದೀಯ. ನಿನ್ನ ಮಾವ ‘ಇಂಗ್ಲಿಷ್ ಥರಾನೇ ಓದು, ಯಾರಿಗೆ ಗೊತ್ತಾಗುತ್ತೆ’ ಅಂದುಬಿಟ್ಟರು. ಅವರ ಮಾತು ಕೇಳಬೇಡ.

ಮೊದಲು ಇಡೀ ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೋ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ನಮ್ಮ ನಾಲಿಗೆ ಟ, ಡ ಕಡೆ ಓಡುತ್ತೆ. ಸ್ಪ್ಯಾನಿಷ್‌ನಲ್ಲಿ ಅವು ಇಲ್ಲವೇ ಇಲ್ಲ. ಇರುವುದು ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಎರಡು ಸ್ವರಗಳ ನಡುವೆ ದ ಬಂದರೆ ಇನ್ನೂ ಮೆತ್ತಗೆ, ತಾಗಿತೋ ಇಲ್ಲವೋ ಅನ್ನುವಷ್ಟು. ‘ಡೆಸ್ಪಾಸಿಟೋ’ ಅಂತ ಎಳೆಯಬೇಡ. ‘ದೆಸ್ಪಸಿತೊ’, ಒತ್ತು ‘ಸಿ’ ಮೇಲೆ. ಸ್ವರಗಳು ಆ, ಎ, ಇ, ಒ, ಉ, ಐದೇ. ಇಂಗ್ಲಿಷಿನ ಹಾಗೆ ಪದಕ್ಕೊಂದು ವೇಷ ಹಾಕಲ್ಲ.

ಎಚ್ ಕಂಡರೆ ಬಿಟ್ಟುಬಿಡು. ನಮ್ಮ ಮಂಡ್ಯದ ಕಡೆ ಹಾಲು ‘ಆಲು’ ಆಗುತ್ತಲ್ಲ, ಹಾಗೆ ಎಚ್ ಇಟ್ಟು ಬರೆದ ‘ಹೋಲಾ’, ಅಂದರೆ ಹಲೋ, ಅಲ್ಲಿ ‘ಓಲಾ’. ತಮಾಷೆ ಅಂದರೆ, ಜೆ ಬಂದ ಕಡೆ ಹ ಬರುತ್ತೆ, ಅದೂ ಗಂಟಲಿನಿಂದ. ‘ಹೊಸೆ’ ಅನ್ನುವ ಹೆಸರನ್ನು ಬರೆಯುವುದು ಜೆ ಇಟ್ಟು. ಎರಡು ಆರ್ ಜೊತೆಗೆ ಬಂದರೆ ಧಾರವಾಡದವರ ‘ಬರ್ರಿ’ಯ ರ್ರ. ಪದದ ಮೊದಲಲ್ಲಿ ಆರ್ ಒಂದೇ ಇದ್ದರೂ ಹಾಗೇ ಗಟ್ಟಿಯಾಗಿ ಹೇಳಬೇಕು.

ಝಡ್ ಬಂದರೆ ‘ಸ’ ಅನ್ನು. ಸ್ಪೇನಿನ ಬಹಳ ಕಡೆ ಅದನ್ನು ಇಂಗ್ಲಿಷಿನ ‘ಥಿಂಕ್’ ಥರ, ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳುತ್ತಾರೆ. ನಿನಗದು ಬೇಡ. ಈ ಹಾಡು ಹಾಡಿದ ಲೂಯಿಸ್ ಫೋನ್ಸಿ, ಡ್ಯಾಡಿ ಯಾಂಕಿ ಇಬ್ಬರೂ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಹುಟ್ಟಿದವರು, ಅಲ್ಲಿ ‘ಸ’ನೇ. ಅಲ್ಲಿನವರು ಪದದ ಕೊನೆಯ ‘ಸ್’ ಅನ್ನೂ ನುಂಗುತ್ತಾರೆ, ಅಲ್ಲಿನದೇ ಗಾಯಕ ಬ್ಯಾಡ್ ಬನ್ನಿಯ ಹಾಡು ಕೇಳಿದರೆ ಗೊತ್ತಾಗುತ್ತೆ. ನೀನು ಸದ್ಯಕ್ಕೆ ಪೂರ್ತಿ ಹೇಳು, ಸ್ಟೈಲ್ ಆಮೇಲೆ.

ಹಾಂ, ಬಾಯಿಪಾಠ ಮಾತ್ರ ಗಟ್ಟಿ ಇರಲಿ. 2017ರಲ್ಲಿ ಇದೇ ಹಾಡಿನ ರೀಮಿಕ್ಸ್‌ನಲ್ಲಿ ಜಸ್ಟಿನ್ ಬೀಬರ್ ಸ್ಪ್ಯಾನಿಷ್ ಸಾಲುಗಳನ್ನು ಚೆನ್ನಾಗೇ ಹಾಡಿದ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 16 ವಾರ ಮೊದಲನೇ ಸ್ಥಾನದಲ್ಲಿತ್ತು. ಆದರೆ ಅದೇ ಬೀಬರ್ ಒಂದು ಕ್ಲಬ್ಬಿನಲ್ಲಿ ಪದ ಮರೆತು ‘ಬ್ಲಾ ಬ್ಲಾ’ ಅಂದು ಜನರಿಂದ ಚೆನ್ನಾಗಿ ಉಗಿಸಿಕೊಂಡ.

ಇನ್ನೊಂದು ವಿಷಯ, ಅಣ್ಣ ನೀನೂ ಕೇಳಿಸಿಕೋ. ಆ ಹಾಡಿನ ಅರ್ಥ ಸ್ವಲ್ಪ ಪೋಲಿ. ಮಲೇಷ್ಯಾದಲ್ಲಿ ಸರ್ಕಾರಿ ರೇಡಿಯೊ, ಟಿವಿಯಲ್ಲಿ ಹಾಕುವುದನ್ನೇ ನಿಲ್ಲಿಸಿದ್ದರು. ಪ್ರಿನ್ಸಿಪಾಲರು ಮುಂದಿನ ಸಾಲಲ್ಲಿ ಕೂರುತ್ತಾರೆ ಅಂದರೆ ‘ಲಾ ಬಾಂಬಾ’ ಹಾಡಬಹುದಲ್ವಾ? ಅದು ಮೆಕ್ಸಿಕೋದ ವೆರಾಕ್ರೂಸ್ ಕಡೆಯ ಜಾನಪದ ಹಾಡು, ಕುಣಿಯೋಕೆ ಹೇಳಿ ಮಾಡಿಸಿದ್ದು. 1958ರಲ್ಲಿ ಅದನ್ನು ರಾಕ್ ಮಾಡಿ ಹಾಡಿದ ರಿಚಿ ವಾಲೆನ್ಸ್ ಕ್ಯಾಲಿಫೋರ್ನಿಯಾದ ಹುಡುಗ. ಇಂಗ್ಲಿಷ್ ಮಾತಾಡಿಕೊಂಡೇ ಬೆಳೆದವನು, ಈ ಹಾಡಿಗೋಸ್ಕರ ಪದಗಳನ್ನು ಕಲಿತ. ಆಗ ಅವನಿಗೆ 17 ವರ್ಷ, ಹೆಚ್ಚುಕಡಿಮೆ ನಿನ್ನದೇ ವಯಸ್ಸು.

ಯಾವುದು ಅಂತ ನೀನೇ ನೋಡು. ಲಾ ಬಾಂಬಾ ಆದರೆ ಅಣ್ಣ, ಅಟ್ಟದ ಮೇಲಿನ ಗಿಟಾರ್ ಇಳಿಸು. ಮೂರೇ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ, ಸಾಕು. ಪುಟ್ಟಿ, ಕನ್ನಡದಲ್ಲಿ ಬರೆದಿದ್ದರ ಫೋಟೋ ರಾತ್ರಿ ಕಳಿಸು, ತಿದ್ದಿ ಕೊಡುತ್ತೇನೆ.